ಕರೆಂಟ್ ಗಾಡಿಯ ಸೋಮವಾರ

ನಮ್ಮ ಬೀದಿಯ ಇಸ್ತ್ರಿಯವನು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಊದಲು ಶುರುಮಾಡಿದರೆ ಆ ವಾಸನೆ ನೇರವಾಗಿ ನನ್ನ ಅಡಿಗೆಮನೆಗೆ ಬರುತ್ತದೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾಳೆ. ನಾನು ಎದ್ದು ಹೋಗಿ ತೆಗೆಯುತ್ತೇನೆ. ಒದ್ದೆ ಇದ್ದಿಲು ಹತ್ತಿಕೊಳ್ಳದೆ ಹೊಗೆಯಾಡುವಾಗಿನ ಆ ಘಾಟು ಮೂಗಿಗೆ ಬಡಿದರೆ ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ನನಗೆ ಖುಷಿಯಾಗುತ್ತದೆ. ಒಬ್ಬ ಮನುಷ್ಯ ಜರಿ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು, ಮೊಣಕಾಲುದ್ದ ಕೆಸರು ಮೆತ್ತಿಕೊಂಡು, ನಮ್ಮ ಮನೆಯ ಅಂಗಳದಲ್ಲಿ ನಿಂತದ್ದು ಕಣ್ಣಿಗೆ ಬರುತ್ತದೆ. ಇಂಥದ್ದಕ್ಕೆಲ್ಲ ಖುಷಿಪಡಬಾರದು ಎಂದು ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ಅವರಿಗೆ ವೀರಭದ್ರಪ್ಪ ಗೊತ್ತಿಲ್ಲ.

ನಮ್ಮೂರು ಚನ್ನಗಿರಿಯಿಂದ ಸಾಸ್ವೆಹಳ್ಳಿ ಕಡೆಗೆ ಆರು ಮೈಲಿ. ಹೆಸರು ಬರೆಯುವುದಿಲ್ಲ. ವೀರಭದ್ರಪ್ಪನ ಮೊಮ್ಮಕ್ಕಳು ಇನ್ನೂ ಆ ಕಡೆ ಓಡಾಡಿಕೊಂಡಿದ್ದಾರೆ, ಜಗಳಕ್ಕೆ ಬಂದಾರು. ಬರಲಿ ಎಂದು ನನಗೆ ಒಳಗೊಳಗೇ ಆಸೆಯಿದೆ, ಆದರೆ ಮಗ ಬೇಡ ಎಂದಿದ್ದಾನೆ. ಆ ಊರಿಗೆ ಸ್ವಂತದ್ದೊಂದು ಟ್ರಾಮ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಇತ್ತು. ಕಾಡಿನಲ್ಲಿ ಮರ ಸಾಗಿಸಲು ಹಾಕಿದ್ದ ಸಣ್ಣ ಹಳಿಗಳನ್ನು ಕಿತ್ತು ಹರಾಜು ಹಾಕಿದಾಗ ನಮ್ಮೂರಿನವರು ಒಟ್ಟುಗೂಡಿ ಹಿಡಿದರು. ಒಂದೊಂದು ಮನೆಯಿಂದಲೂ ಮರದ ದಿಮ್ಮಿ ಬಂತು, ಆಳು ಬಂದ. ಎರಡು ಬೇಸಿಗೆಯಲ್ಲಿ ನಮ್ಮ ಊರಬಾಗಿಲಿನಿಂದ ಚನ್ನಗಿರಿಯ ಹೊರಗಿನ ಆಲದ ಮರದವರೆಗೆ ಹಳಿ ಬಿತ್ತು. ಇದು ಮೂವತ್ತರ ದಶಕದ ಕೊನೆಯ ಮಾತು. ಇದಕ್ಕೆಲ್ಲ ಮುಂದೆ ನಿಂತವರು ನಮ್ಮಪ್ಪ, ಸಿದ್ದಪ್ಪ ಮೇಸ್ತ್ರಿ.

ಅಪ್ಪ ಒಮ್ಮೆ ಅಡಿಕೆ ವ್ಯಾಪಾರಿಗಳ ಜೊತೆ ಮದ್ರಾಸಿಗೆ ಹೋಗಿದ್ದವರು ಅಲ್ಲಿ ಕರೆಂಟಿನಿಂದ ಓಡುವ ಟ್ರಾಮ್ ನೋಡಿ ಬಂದಿದ್ದರು. ನೋಡಿ ಬಂದವರು ಸುಮ್ಮನಿರಲಿಲ್ಲ. ನಮ್ಮದೂ ಕರೆಂಟಿನಲ್ಲೇ ಓಡಬೇಕು ಎಂದು ಹಟ ಹಿಡಿದರು. ಆಗ ನಮ್ಮೂರಿನಲ್ಲಿ ಸೀಮೆಎಣ್ಣೆ ದೀಪವೇ ಹತ್ತು ಮನೆಯಲ್ಲಿ ಇರಲಿಲ್ಲ. ಆದರೂ ಸರ್ಕಾರಕ್ಕೆ ಅರ್ಜಿ ಹೋಯಿತು. ಇಂಜಿನಿಯರು ನೋಡಲು ಬಂದರೆ ಊರು ತಯಾರಾಗಿದೆ ಎಂದು ಗೊತ್ತಾಗಲಿ ಎಂದು ಅಪ್ಪ ಹಳಿಯ ಪಕ್ಕಕ್ಕೆ ಹನ್ನೆರಡು ಕಂಬ ನೆಡಿಸಿದರು. ತಂತಿಯಿಲ್ಲದ ಕಂಬಗಳು. ಇಂಜಿನಿಯರು ಬರಲಿಲ್ಲ, ಕಾಗೆಗಳು ಬಂದವು. ಹಳಿಯ ಮೇಲೆ ಬೆಂಚು ಹಾಕಿದ ಗಾಡಿ ಇಟ್ಟು, ಕರೆಂಟು ಬರುವವರೆಗೆ ಎತ್ತು ಎಳೆಯಲಿ ಎಂದಾಯಿತು. ಹೀಗೆ ಎತ್ತು ಎಳೆಯುವ ಗಾಡಿಗೆ ಕರೆಂಟ್ ಗಾಡಿ ಎಂದು ಹೆಸರು ನಿಂತಿತು. ಹೊರಗಿನವರು ನಗುತ್ತಿದ್ದರು, ನಮ್ಮವರು ಮುಖ ಗಂಟು ಹಾಕಿಕೊಂಡು ಅದೇ ಹೆಸರಿನಲ್ಲಿ ಕರೆಯುತ್ತಿದ್ದರು.

ಎತ್ತಿಗೆ ಸರದಿ. ಒಂದು ದಿನ ಒಬ್ಬರ ಮನೆಯ ಜೋಡಿ, ಮಾರನೆಯ ದಿನ ಇನ್ನೊಬ್ಬರದು. ಯಾರ ಮನೆಯ ಎತ್ತೋ ಆ ಮನೆಯವರಿಗೆ ಅವತ್ತು ಮುಂದಿನ ಬೆಂಚಿನಲ್ಲಿ ಕೂರುವ ಗೌರವ. ಸೋಮವಾರ ಮಾತ್ರ ಗಾಡಿ ಇಲ್ಲ. ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇಯಲು ಬಿಡುತ್ತಾರೆ. ಬಾಣಂತಿಗೋ ರೋಗಿಗೋ ತುರ್ತಾದರೆ, ಇಲ್ಲ ಮದುವೆ ದಿಬ್ಬಣ ಹೊರಡಬೇಕಾದರೆ, ಬಸವಣ್ಣನ ಗುಡಿಗೆ ಕಾಯಿ ಒಡೆಸಿ ತಪ್ಪಾಯಿತು ಎಂದು ಕಟ್ಟಬಹುದಿತ್ತು. ಅಷ್ಟು ದಾರಿ ಹಿರಿಯರು ಬಿಟ್ಟಿದ್ದರು. ದಿನದ ಓಡಾಟಕ್ಕೆ ಮಾತ್ರ ಇಲ್ಲ. ಕರೆಂಟು ಬಂದರೆ ಸೋಮವಾರವೂ ಓಡಬಹುದು, ಕರೆಂಟಿಗೆ ಯಾವ ಬಸವಣ್ಣ ಎಂದು ಅಪ್ಪ ಹೇಳುತ್ತಿದ್ದರು.

ಈಗ ವೀರಭದ್ರಪ್ಪ. ಜಗಳೂರು ಕಡೆಯವನು, ಕಾಡು ಗುತ್ತಿಗೆ ಹಿಡಿದು ಇದ್ದಿಲು ಸುಡಿಸುತ್ತ ಚನ್ನಗಿರಿಗೆ ಬಂದು ನೆಲೆಸಿದ್ದ. ಯುದ್ಧ ಬಂದು ಪೆಟ್ರೋಲು ಸಿಗದಂತಾದಾಗ ಉಳಿದವರ ಬಸ್ಸುಗಳೆಲ್ಲ ಕೊಟ್ಟಿಗೆ ಸೇರಿದವು. ಇವನು ಒಂದು ಹಳೇ ಬಸ್ಸು ಹಿಡಿದು, ಅದರ ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿಸಿ, ಇದ್ದಿಲಿನ ಗ್ಯಾಸಿನಲ್ಲಿ ಓಡಿಸಲು ಶುರುಮಾಡಿದ. ಹೊರಡುವ ಮುಂಚೆ ಒಬ್ಬ ಅರ್ಧ ಗಂಟೆ ಡ್ರಮ್ಮಿನ ಪಕ್ಕದ ಹಿಡಿಕೆ ತಿರುಗಿಸಬೇಕು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. ಇಳಿಜಾರಿಗೆ ಬಸ್ಸು, ಏರಿಗೆ ಕಾಲು ಎಂದು ನಮ್ಮ ಹೆಂಗಸರು ಮಾತು ಕಟ್ಟಿದ್ದರು. ಆದರೂ ಬಸ್ಸು ಬಸ್ಸೇ ಅಲ್ಲವೇ.

ಅವನು ಮುಂಗಾರು ಹಿಡಿದ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದ. ನನಗೆ ಆಗ ಹದಿನೇಳು. ಒಳಗೆ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡೆ. ಮೊದಲು ಎತ್ತುಗಳನ್ನು ಹೊಗಳಿದ, ಆಮೇಲೆ ಕಂಬಗಳನ್ನು ಹೊಗಳಿದ. ಕಂಬ ಹೊಗಳಿದವನನ್ನು ಅಪ್ಪ ಅಲ್ಲಿಯವರೆಗೆ ಕಂಡಿರಲಿಲ್ಲ, ಕರಗಿಹೋದರು. ಆಮೇಲೆ ಅವನು ನಿಧಾನಕ್ಕೆ ವಿಷಯಕ್ಕೆ ಬಂದ.

"ಮೇಸ್ತ್ರಿ, ನಿಮ್ಮ ಗಾಡಿಗೆ ನಾನು ಅಡ್ಡ ಬರಾಕೆ ಬಂದೋನಲ್ಲ. ಸೋಮವಾರ ಹೆಂಗೂ ನೀವು ಎತ್ತು ಕಟ್ಟಂಗಿಲ್ಲ. ಅದೊಂದು ದಿನ ನನ್ನ ಬಸ್ಸು ಓಡ್ಲಿ. ನಿಮ್ಮ ಬಸವಣ್ಣಂಗೂ ನೆಮ್ಮದಿ, ಜನಕ್ಕೂ ಅನುಕೂಲ."

ನಮ್ಮವರು ಮಾಡಿದ ತಪ್ಪು ಇದೇ. ಬೇರೆ ಯಾವ ಊರಿನವರಾದರೂ ಇನ್ನೊಬ್ಬನ ಬಸ್ಸು ನಮ್ಮ ದಾರಿಗೆ ಬೇಡ ಎನ್ನುತ್ತಿದ್ದರು. ನಮ್ಮೂರಿನವರು ಎತ್ತಿನ ಪುಣ್ಯ ಲೆಕ್ಕ ಹಾಕಿದರು. ಸೋಮವಾರ ಚನ್ನಗಿರಿಗೆ ಹೋಗಲೇಬೇಕಾದವರು ಕಳ್ಳತನದಿಂದ ಎತ್ತು ಕಟ್ಟುವುದು ನಿಲ್ಲುತ್ತದಲ್ಲ ಎಂದು ಖುಷಿಪಟ್ಟರು. ಗುಡಿಯ ಕಟ್ಟೆಯ ಮೇಲೆ ಕೂತು ಎಲ್ಲರೂ ಹೂಂ ಎಂದರು. ಅಪ್ಪನಿಗೆ ಮಾತ್ರ ಇನ್ನೊಂದು ಕಾರಣವಿತ್ತು. ಅದೇ ದಿನ, ಅದೇ ಜಗಲಿಯ ಮೇಲೆ, ವೀರಭದ್ರಪ್ಪ ತನ್ನ ಮಗ ಶಿವಲಿಂಗನಿಗೆ ನನ್ನನ್ನು ಕೇಳಿದ್ದ. ಎಲೆ ಅಡಿಕೆ ಬದಲಾಯಿಸಿಕೊಂಡರು. ಹಸಿರು ರೇಷ್ಮೆ ಸೀರೆ ಬಂತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹುಡುಗ ನೋಡಲು ಚೆನ್ನಾಗಿದ್ದ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದ.

ಬೆರಳು ಕೊಟ್ಟರೆ ಹಸ್ತ ನುಂಗುವವನು ಎನ್ನುತ್ತಾರಲ್ಲ, ಅವನು ವಾರವನ್ನು ನುಂಗಿದ ರೀತಿ ಕೇಳಿ. ಸೋಮವಾರ ಬಸ್ಸಿನಲ್ಲಿ ಹೋದವರಲ್ಲಿ ಕೆಲವರು ಕಚೇರಿ ಕೆಲಸ ಮುಗಿಯದೆ ಅಲ್ಲೇ ಉಳಿದುಬಿಡುತ್ತಿದ್ದರು. ಕರೆದುಕೊಂಡು ಹೋದವನು ನಾನು, ವಾಪಸು ಬಿಡುವುದೂ ನನ್ನ ಧರ್ಮ ಎಂದು ಮಂಗಳವಾರವೂ ಬಸ್ಸು ಬಂತು. ಮಂಗಳವಾರ ಬಂದ ಬಸ್ಸು ಖಾಲಿ ಹೋಗಬಾರದಲ್ಲ, ಮತ್ತೆ ಜನ ಹತ್ತಿದರು. ಅವರನ್ನು ಬಿಡಲು ಬುಧವಾರ. ಶ್ರಾವಣ ಮುಗಿಯುವಷ್ಟರಲ್ಲಿ ದಿನವೂ ಬಸ್ಸು. ನಮ್ಮ ಗಾಡಿ ಹೊರಡುವ ಹೊತ್ತಿಗೆ ಸರಿಯಾಗಿ ಕಾಲು ಗಂಟೆ ಮುಂಚೆ ಊರಬಾಗಿಲಲ್ಲಿ ಹಾರ್ನ್ ಆಗುತ್ತಿತ್ತು.

ಸರದಿಯ ಎತ್ತುಗಳು ಒಂದೊಂದಾಗಿ ಬರುವುದು ನಿಂತಿತು. ಬಿತ್ತನೆ ಐತೆ ಎಂದರು, ಕಾಲುಬೇನೆ ಐತೆ ಎಂದರು. ಕೊನೆಗೆ ಏನೂ ಹೇಳದೆ ಮುಖ ತಪ್ಪಿಸಿಕೊಂಡು ಬಸ್ಸು ಹತ್ತಿದರು. ಬಸ್ಸು ನಿಲ್ಲಿಸಿ ಎಂದು ಅಪ್ಪ ಚನ್ನಗಿರಿಗೆ ಹೋಗಿ ಕೇಳಿದರೆ, ನಿಮ್ಮ ಊರಿನವರೇ ಕಟ್ಟೆಯ ಮೇಲೆ ಕೂತು ಒಪ್ಪಿದ್ದಲ್ಲವೇ ಎಂದನಂತೆ ವೀರಭದ್ರಪ್ಪ. ಎರಡು ತಿಂಗಳು ಅಪ್ಪ ನಮ್ಮ ಮನೆಯ ಜೋಡಿಯನ್ನೇ ದಿನಾ ಕಟ್ಟಿದರು. ಒಂದನ್ನು ಕೆಂದ, ಇನ್ನೊಂದನ್ನು ಮಾಸ ಎಂದು ಕರೆಯುತ್ತಿದ್ದೆವು. ನ್ಯಾಮತಿಯ ಒಬ್ಬ ರೈತನಿಂದ ಕರುಗಳಾಗಿದ್ದಾಗಲೇ ತಂದು ಸಾಕಿದವು. ಖಾಲಿ ಗಾಡಿ ಎಳೆದೂ ಎಳೆದೂ ಮಾಸನ ಹೆಗಲಿನಲ್ಲಿ ಹುಣ್ಣಾಯಿತು. ನಾನು ದಿನಾ ಸಂಜೆ ಬೇವಿನೆಣ್ಣೆ ಹಚ್ಚುತ್ತಿದ್ದೆ. ಕಾರ್ತಿಕದ ಒಂದು ಬೆಳಿಗ್ಗೆ ಅಪ್ಪ ಹುಣ್ಣನ್ನು ನೋಡಿ, ನೊಗವನ್ನು ಕೆಳಗಿಟ್ಟು, ಒಳಗೆ ಹೋಗಿ ಮಲಗಿದರು. ಕರೆಂಟ್ ಗಾಡಿ ಮತ್ತೆ ಹೊರಡಲಿಲ್ಲ. ಅಪ್ಪ ಆಮೇಲೂ ಪ್ರತಿ ವಾರ ಅದರ ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದರು.

ಇಷ್ಟಾದ ಮೇಲೆ ವೀರಭದ್ರಪ್ಪನಿಗೆ ಬೀಗತನ ಯಾಕೆ ಬೇಕು? ಸಂಕ್ರಾಂತಿ ಕಳೆದ ಮೇಲೆ ಅವನ ಕಡೆಯ ಒಬ್ಬ ಮುದುಕ ಬಂದು ಜಗಲಿಯ ತುದಿಯಲ್ಲಿ ಕೂತು, ಎತ್ತು ಹೊಡೆಯುವವರ ಮನೆಯ ಹೆಣ್ಣು ಬಸ್ಸಿನವರ ಮನೆಗೆ ಹೊಂದುವುದಿಲ್ಲ ಎಂದು ಸಾಹುಕಾರರಿಗೆ ಅನಿಸಿದೆ, ಸೀರೆ ವಾಪಸು ಕೊಡಬೇಕಂತೆ ಎಂದ. ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು, ಪಾಪ. ಅಪ್ಪ ಸೀರೆ ತಾ ಎಂದರು. ನಾನು ಒಳಗೆ ಹೋಗಿ ಈಳಿಗೆಮಣೆ ಹಾಕಿಕೊಂಡು ಕೂತು, ಆ ಹಸಿರು ರೇಷ್ಮೆಯನ್ನು ನಡುವೆ ಸೀಳಿ, ಎರಡು ತುಂಡು ಮಾಡಿ, ಕೊಟ್ಟಿಗೆಗೆ ಹೋಗಿ ಕೆಂದನ ಬೆನ್ನಿಗೊಂದು ಮಾಸನ ಬೆನ್ನಿಗೊಂದು ಹೊದಿಸಿದೆ. ಸೀರೆ ಎತ್ತಿನ ಮೈಮೇಲಿದೆ, ಸಾಹುಕಾರರೇ ಬಂದು ಬಿಚ್ಚಿಕೊಂಡು ಹೋಗಲಿ ಎಂದು ಹೇಳಿ ಕಳಿಸಿದೆ. ಅಪ್ಪ ಬೈಯಲಿಲ್ಲ. ಊರಿನ ಹೆಂಗಸರು ಬಂದು ಬಂದು ನೋಡಿ ಹೋದರು.

ಎಲ್ಲರೂ ನನಗೆ ಸಮಾಧಾನ ಹೇಳಿದರು. ಬಡವನ ಕೋಪ ದವಡೆಗೆ ಮೂಲ, ಬಿಡು ಎಂದರು. ಗೋವಿನಕೋವಿಯ ನನ್ನ ಸೋದರಮಾವ ಬಂದು, ದೇವರು ನೋಡಿಕೊಳ್ಳುತ್ತಾನೆ ಎಂದ. ದೇವರಿಗೆ ಬೇರೆ ಕೆಲಸವಿರುತ್ತದೆ, ನಾನೇ ನೋಡಿಕೊಳ್ಳುತ್ತೇನೆ ಎಂದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಆ ಬಸ್ಸು ದಿನಾ ನಮ್ಮೂರಿನ ಹಳ್ಳ ದಾಟಿಯೇ ಮುಂದೆ ಸಾಸ್ವೆಹಳ್ಳಿಗೆ ಹೋಗಬೇಕು. ಹಳ್ಳಕ್ಕೆ ಸೇತುವೆ ಇರಲಿಲ್ಲ. ನಾನು ಮಳೆ ಕಾಯುತ್ತ ಕೂತೆ. ಬಿತ್ತುವವರು ಕೂಡ ಆ ವರ್ಷ ನನ್ನಷ್ಟು ಮಳೆ ಕಾದಿರಲಿಕ್ಕಿಲ್ಲ.

ವೈಶಾಖದ ಕೊನೆಗೆ ಶಿವಲಿಂಗನಿಗೆ ಹೊನ್ನಾಳಿಯಲ್ಲಿ ಹೆಣ್ಣು ಗೊತ್ತಾಯಿತು ಎಂದು ಸುದ್ದಿ ಬಂತು. ಮದುವೆ ಸೋಮವಾರ. ಅದರ ಹಿಂದಿನ ಎರಡು ದಿನ ಗುಡುಗು ಸಿಡಿಲಿನ ಜೊತೆ ಮಳೆ ಹುಯ್ಯಿತು. ಸೋಮವಾರ ಹೊತ್ತು ಮೂಡುವಾಗಲೇ ಬಿಸಿಲು ಬಿದ್ದಿತ್ತು. ನಾನು ಎತ್ತುಗಳ ಮೈ ತೊಳೆಯುತ್ತಿದ್ದೆ. ಹಳ್ಳದ ಕಡೆಯಿಂದ ಹಾರ್ನ್ ಕೇಳಿಸಿತು. ಒಂದೇ ಸಮನೆ, ನಿಲ್ಲದೆ.

ತಂಬಿಗೆ ಅಲ್ಲೇ ಬಿಟ್ಟು ಕೆರೆ ಏರಿಯ ಮೇಲೆ ಹೋಗಿ ನಿಂತೆ. ಬಸ್ಸು ಹಳ್ಳದ ನಟ್ಟನಡುವೆ ಅಚ್ಚಿನವರೆಗೆ ಹೂತುಹೋಗಿತ್ತು. ಹಿಂದಿನ ಡ್ರಮ್ಮಿಗೆ ನೀರು ನುಗ್ಗಿ ಇದ್ದಿಲು ಚುಂಯ್ ಎನ್ನುತ್ತ ಹೊಗೆ ಉಗುಳುತ್ತಿತ್ತು. ರೇಷ್ಮೆ ಸೀರೆಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು. ಓಲಗದವರು ವಾದ್ಯ ತಲೆಯ ಮೇಲಿಟ್ಟುಕೊಂಡು ದಡಕ್ಕೆ ಬಂದರು. ಹತ್ತು ಗಂಡಸರು ತಳ್ಳಿದರೆ ಬಸ್ಸು ಇನ್ನಷ್ಟು ಕೂತಿತು. ಊರಿಗೆ ಊರೇ ಏರಿಯ ಮೇಲೆ ಬಂದು ನಿಂತಿತ್ತು, ದಿನಾ ಅದೇ ಬಸ್ಸು ಹತ್ತುತ್ತಿದ್ದವರು ಕೂಡ. ಹೊನ್ನಾಳಿಗೆ ಇನ್ನೂ ಹದಿನೈದು ಮೈಲಿಯ ಮೇಲಿತ್ತು. ಮುಹೂರ್ತ ಹನ್ನೊಂದಕ್ಕೆ.

ಎತ್ತು ಕಟ್ಟಿ ಎಳೆದರೆ ಬಸ್ಸು ಬರುತ್ತಿತ್ತು. ಬಸ್ಸು ಹೋಗಲಿ, ಎರಡು ಗಾಡಿ ಕಟ್ಟಿಕೊಟ್ಟಿದ್ದರೂ ಗಂಡು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದ. ವೀರಭದ್ರಪ್ಪ ನಾಲ್ಕು ಮನೆಗೆ ಹೋಗಿ ಕೇಳಿದ. ಎಲ್ಲರೂ ಒಂದೇ ಮಾತು ಹೇಳಿದರು: ಸೋಮವಾರ, ಮೇಸ್ತ್ರಿ ಕಟ್ಟಿದರೆ ನಾವೂ ಕಟ್ಟುತ್ತೇವೆ. ಹಾಗಾಗಿ ಅವನು ನಮ್ಮ ಅಂಗಳಕ್ಕೆ ಬರಲೇಬೇಕಾಯಿತು. ನಾನು ಮೊದಲೇ ಹೇಳಿದೆನಲ್ಲ, ಕೆಸರು, ಕೈಯಲ್ಲಿ ರುಮಾಲು. ಮೈಗೆಲ್ಲ ಒದ್ದೆ ಇದ್ದಿಲಿನ ಘಾಟು. ಜಗಲಿಯ ಮೇಲಿದ್ದ ಅಪ್ಪನಿಗೆ ಕೈ ಮುಗಿದ. ತಾನು ಮಾಡಿದ್ದು ತಪ್ಪು, ಮರೆತುಬಿಡಿ, ಮುಹೂರ್ತ ಮೀರುತ್ತದೆ ಎಂದ. ಕಾಯಿ ಒಡೆಸಿ ಕಟ್ಟುವ ಪದ್ಧತಿ ಇದೆಯಂತಲ್ಲ ಎಂದು ಅದನ್ನೂ ಕೇಳಿ ತಿಳಿದುಕೊಂಡು ಬಂದಿದ್ದ.

ಅಪ್ಪನ ಮುಖ ಮೆತ್ತಗಾಗುತ್ತಿರುವುದು ನನಗೆ ಕಾಣಿಸಿತು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಎತ್ತು ಮೇಯಿಸಿ ಸಾಕಿದಾಕಿ ನನ್ನ ಮಗಳು. ಆಕೀನ ಕೇಳ್ರಿ."

ಅವನು ನನ್ನ ಕಡೆ ತಿರುಗಿದ. ಒಂದು ವರ್ಷದ ಹಿಂದೆ ಸೊಸೆ ಮಾಡಿಕೊಳ್ಳುತ್ತೇನೆ ಎಂದು ನನ್ನ ತಲೆ ಮುಟ್ಟಿದ್ದವನು.

"ಗೌರವ್ವ, ನೀನು ಮನಸ್ಸು ಮಾಡವ್ವ. ಹೆಣ್ಣಿನ ಕಡೆಯೋರು ಚಪ್ಪರದಾಗೆ ಕಾಯ್ತಿರ್ತಾರೆ."

"ಇವತ್ತು ಸೋಮವಾರ ರೀ, ಸಾವ್ಕಾರ್ರೆ," ಎಂದೆ. "ಎತ್ತಿಗೆ ರಜ ಐತೆ. ಇವತ್ತು ಬಸ್ಸು ಓಡೋ ದಿನ, ನೀವೇ ಕೇಳಿ ಇಸ್ಕೊಂಡಿದ್ದು."

ಅವನು ರುಮಾಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹಳ್ಳದ ಕಡೆ ತಿರುಗಿ ನಡೆದ. ಬಸವಣ್ಣನ ಮೇಲಿನ ಭಕ್ತಿಗೆ ನಾನು ಹಾಗೆ ಹೇಳಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಗಳಿಗೆಯಲ್ಲಿ ನನ್ನ ಮೈಯೆಲ್ಲ ತಣ್ಣಗಾಯಿತು, ಅಷ್ಟು ಸುಖ ನನಗೆ ಆಮೇಲೆ ಮದುವೆಯಲ್ಲೂ ಸಿಗಲಿಲ್ಲ, ಮಕ್ಕಳಾದಾಗಲೂ ಸಿಗಲಿಲ್ಲ.

ಶಿವಲಿಂಗ ಬಸ್ಸು ಎದ್ದೀತೆಂದು ಹೊತ್ತು ನೆತ್ತಿಗೆ ಬರುವವರೆಗೂ ಕಾದು, ಬಾಸಿಂಗವನ್ನು ಚೀಲಕ್ಕೆ ಹಾಕಿಕೊಂಡು ನಡೆದೇ ಹೊರಟನಂತೆ. ಅವನು ಹೊನ್ನಾಳಿ ಸೇರುವಾಗ ದೀಪ ಹಚ್ಚುವ ಹೊತ್ತು. ಅಷ್ಟರಲ್ಲಿ ಹೆಣ್ಣಿನ ತಂದೆ, ಚಪ್ಪರ ಹಾಕಿ ಮಗಳನ್ನು ಹಸೆಯಿಂದ ಹಾಗೇ ಎಬ್ಬಿಸಿದರೆ ಮುಂದೆ ಯಾರು ಮಾಡಿಕೊಳ್ಳುತ್ತಾರೆ ಎಂದು ಹೆದರಿ, ಮದುವೆಗೆ ಬಂದಿದ್ದವರಲ್ಲೇ ಒಬ್ಬನನ್ನು ಹಿಡಿದು ಅದೇ ಮುಹೂರ್ತದಲ್ಲಿ ತಾಳಿ ಕಟ್ಟಿಸಿದ್ದ. ಮಾರನೆಯ ದಿನ ಈ ಸುದ್ದಿ ಬಂದಾಗ ಊರು ಬಿದ್ದು ಬಿದ್ದು ನಕ್ಕಿತು. ನಾನು ಹೋಳಿಗೆ ಮಾಡಿದೆ. ಅಪ್ಪ ಎರಡು ತಿಂದು, ಬೆಲ್ಲ ಸ್ವಲ್ಪ ಜಾಸ್ತಿಯಾಗಿದೆ ಎಂದರು.

ಸೇಡು ತೀರಿತು ಎಂದು ನಾನು ಅಂದುಕೊಂಡಿದ್ದು ಒಂದು ತಿಂಗಳು ಮಾತ್ರ. ಬಸ್ಸನ್ನು ಮಂಗಳವಾರ ನಮ್ಮೂರಿನವರೇ ಎತ್ತು ಕಟ್ಟಿ ಎಳೆದುಕೊಟ್ಟರು. ಅವರಿಗೂ ಓಡಾಡಬೇಕಲ್ಲ. ಶಿವಲಿಂಗನಿಗೆ ಜಗಳೂರಿನಿಂದ ಇನ್ನೊಂದು ಹೆಣ್ಣು ತಂದರು, ಮೊದಲಿನದಕ್ಕಿಂತ ದೊಡ್ಡ ಮದುವೆ ಮಾಡಿದರು. ಯುದ್ಧಕ್ಕೆ ಕಬ್ಬಿಣ ಬೇಕು ಎಂದಾಗ ನಮ್ಮ ಹಳಿಗಳನ್ನು ಕಿತ್ತು ಸಾಗಿಸಿದವನೂ ವೀರಭದ್ರಪ್ಪನೇ. ಅಪ್ಪ ಕರೆಂಟು ನೋಡದೆ ಹೋದರು. ಹೋಗುವ ಮುಂಚೆ ನನ್ನನ್ನು ಶಿವಮೊಗ್ಗಕ್ಕೆ ಕಳಿಸಿ ಟೀಚರ್ ಓದು ಓದಿಸಿದರು.

ನಲವತ್ತರ ದಶಕದ ಕೊನೆಯಲ್ಲಿ ನನಗೆ ನ್ಯಾಮತಿಯ ಶಾಲೆಗೆ ವರ್ಗವಾಯಿತು. ಶಾಲೆ ಶುರುವಾದ ವಾರ ಒಬ್ಬ ಹೆಂಗಸು ಒಂದು ಹುಡುಗಿಯನ್ನು ಸೇರಿಸಲು ಬಂದಳು. ಇಪ್ಪತ್ತೆರಡು ಇಪ್ಪತ್ತಮೂರಿರಬೇಕು, ಕೈಗಳು ಮಾತ್ರ ಮುದುಕಿಯವು. ಕಂಕುಳಲ್ಲಿ ಒಂದು, ಸೆರಗು ಹಿಡಿದು ಇನ್ನೊಂದು ಮಗು. ಮಗಳೇ ಎಂದು ಕೇಳಿದರೆ, ಗಂಡನ ಮೊದಲನೆಯ ಹೆಂಡತಿಯ ಮಗಳು, ಮೊದಲನೆಯವಳವು ನಾಲ್ಕು, ನನ್ನವು ಎರಡು ಎಂದಳು. ಹೆಸರು ಹಾಲಮ್ಮ, ತವರು ಹೊನ್ನಾಳಿ. ಮಾತಿಗೆ ನನ್ನ ಊರು ಯಾವುದು ಎಂದು ಕೇಳಿದಳು. ಹೇಳಿದೆ.

"ಆ ಹಳ್ಳದ ಊರೇನ್ರೀ?" ಎಂದು ನನ್ನ ಮುಖ ನೋಡಿದಳು.

ಆಮೇಲೆ ಬೇರೆ ಯಾರದೋ ಕಥೆಯಂತೆ ಹೇಳಿದಳು. ಅವಳಿಗೆ ಆಗ ಹದಿನಾರು. ಬೆಳಿಗ್ಗೆಯಿಂದ ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದಳಂತೆ. ಬಸ್ಸು ಬರಲಿಲ್ಲ. ಹನ್ನೊಂದಕ್ಕೆ ಅವಳ ಅಪ್ಪ ಯಾರನ್ನೋ ಕರೆದುಕೊಂಡು ಬಂದು ಪಕ್ಕಕ್ಕೆ ಕೂರಿಸಿದ. ಊಟಕ್ಕೆಂದು ಬಂದಿದ್ದ ನ್ಯಾಮತಿಯ ವಿಧುರ, ಅವಳ ಅಪ್ಪನದೇ ವಯಸ್ಸು. ಯಾರೋ ಹೆಣ್ಣುಮಗಳು ಹಟಕ್ಕೆ ಬಿದ್ದು ಎತ್ತು ಕಟ್ಟಲಿಲ್ಲವಂತೆ, ಸೋಮವಾರ ಎಂದಳಂತೆ.

ಸುಮ್ಮನಿರಬಹುದಿತ್ತು. ಆದರೆ ಇಷ್ಟು ವರ್ಷ ಆ ಮಾತನ್ನು ಹೆಮ್ಮೆಯಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವಳು, ಹೇಳಲೇಬೇಕಾದವಳ ಮುಂದೆ ಮುಚ್ಚಿಟ್ಟರೆ ವೀರಭದ್ರಪ್ಪನಿಗೂ ನನಗೂ ಏನು ವ್ಯತ್ಯಾಸ? ಆ ಹೆಣ್ಣುಮಗಳು ನಾನೇ ಎಂದೆ.

ಹಾಲಮ್ಮ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ಬಾಯಿ ಮಾಡಬಲ್ಲವಳು. ಅವಳು ಕಂಕುಳಿನ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡಳು.

"ನಿಮ್ಮೂರಾಗೆ ಎತ್ತಿಗಾದ್ರೂ ವಾರಕ್ಕೊಂದಿನ ರಜ ಐತಲ್ರೀ ಟೀಚರ್ರೆ," ಎಂದಳು.

ಮನೆಯಲ್ಲಿ ಕೆಲಸ ಬಿದ್ದಿದೆ ಎಂದು ಹುಡುಗಿಯನ್ನು ಬಿಟ್ಟು ಹೊರಟಳು. ನಾನು ಅವಳ ಹಿಂದೆ ಬಾಗಿಲಿನವರೆಗೆ ಹೋದೆ. ವೀರಭದ್ರಪ್ಪನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ. ಆದರೆ ಅವನಿಗೆಂದು ನಾನು ಎತ್ತಿದ ಕೈ ಬಿದ್ದದ್ದು ಹಸೆಯ ಮೇಲೆ ಕೂತಿದ್ದ ಆ ಹುಡುಗಿಯ ಮೇಲೆ. ಅವಳಿಗೂ ಒಂದು ಸೇಡು ಬಾಕಿ ಇದೆ, ಮತ್ತು ಅದು ನನ್ನ ಮೇಲೆ.